ಕಣ್ಣಿನ ಒಳಪರದೆಗೆ ವಿಕಿರಣದ ಪೆಟ್ಟು

ಮೂಗಿನ ಹಿಂಬದಿ, ಸೈನಸ್, ಕಣ್ಣುಗುಳಿ, ಮಿದುಳು ಇಲ್ಲೆಲ್ಲ ಬೆಳೆದ ಗೆಡ್ಡೆಗೆ ವಿಕಿರಣ ಕೊಡುವಾಗ ಅದರ ಒಂದು ಪಾಲು ಕಣ್ಣಿನ ಒಳಪರದೆಯಾದ ಅಕ್ಷಿಪಟಲಕ್ಕೂ ತಾಗುವುದುಂಟು. ಅಲ್ಲಿನ ಕೂದಲಿಗಿಂತ ಸಣ್ಣ ರಕ್ತನಾಳಗಳು (ಲೋಮನಾಳಗಳು) ಇದರಿಂದ ಮೆಲ್ಲಮೆಲ್ಲನೆ ಹಾಳಾಗುವುದನ್ನು ವಿಕಿರಣ ರೆಟಿನೋಪತಿ ಎನ್ನುತ್ತಾರೆ. ಬ್ರಿಟನ್ನಿನ ನೇತ್ರವೈದ್ಯ ಸ್ಟಾಲಾರ್ಡ್ 1933ರಲ್ಲೇ ಇದನ್ನು ವಿವರಿಸಿದ್ದರು.

ಚೆನ್ನೈನ ಪಲ್ಲಾವರಂ ಕಡೆಯ ರೋಗಿಗಳಿಗೆ ಇಂಥ ಚಿಕಿತ್ಸೆ ದೂರದ್ದಲ್ಲ. 1954ರಲ್ಲಿ ಶುರುವಾದ ಅಡ್ಯಾರ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್ ಇದೆ. ತೊರೈಪಾಕ್ಕಂ ರಸ್ತೆ ಹಿಡಿದು ಹೋದರೆ ತರಮಣಿಯಲ್ಲಿ 2019ರಲ್ಲಿ ತೆರೆದ ಅಪೋಲೊ ಪ್ರೋಟಾನ್ ಕೇಂದ್ರವಿದೆ. ಕಣ್ಣಿನೊಳಗಿನ ಗೆಡ್ಡೆಗಾದರೆ ವಿಕಿರಣ ಸೂಸುವ ಪುಟ್ಟ ಬಿಲ್ಲೆಯನ್ನು ಕಣ್ಣುಗುಡ್ಡೆಯ ಹೊರಮೈಗೇ ಹೊಲಿದು, ಕೆಲವು ದಿನ ಬಿಟ್ಟು ತೆಗೆಯುವ ಪದ್ಧತಿಯೂ ಇದೆ. ಆಗ ಗೆಡ್ಡೆಯ ಆಸುಪಾಸಿನ ಅಕ್ಷಿಪಟಲಕ್ಕೆ ಬೀಳುವ ಪ್ರಮಾಣ ಬಹಳ ಹೆಚ್ಚು.

ಪೆಟ್ಟು ಮೊದಲು ಬೀಳುವುದು ಲೋಮನಾಳದ ಒಳಗೋಡೆಯ ಎಂಡೋಥೀಲಿಯಂ ಕೋಶಗಳಿಗೆ. ವಿಕಿರಣ ಅವುಗಳ ಡಿಎನ್‌ಎ ಎಳೆಗಳನ್ನು ತುಂಡರಿಸುತ್ತದೆ. ಆದರೂ ಕೋಶ ತಕ್ಷಣ ಸಾಯುವುದಿಲ್ಲ. ಎಂದಿನಂತೆ ಕೆಲಸ ಮಾಡಿಕೊಂಡೇ ಇರುತ್ತದೆ. ಅದು ಇಬ್ಭಾಗವಾಗಲು ಹೊರಟಾಗ ತುಂಡಾದ ಎಳೆ ಕೈಕೊಟ್ಟು ಕೋಶ ಸಾಯುತ್ತದೆ. ಸತ್ತ ಕೋಶದ ಜಾಗ ತುಂಬಲು ನೆರೆಯ ಕೋಶ ಇಬ್ಭಾಗವಾಗಬೇಕು. ಅದಕ್ಕೂ ಅದೇ ಗತಿ. ಈ ಕೋಶಗಳು ಬಹಳ ಅಪರೂಪಕ್ಕೆ ಇಬ್ಭಾಗವಾಗುವುದರಿಂದಲೇ, ‘ಕರೆಂಟು’ (ವಿಕಿರಣ ಚಿಕಿತ್ಸೆ) ಮುಗಿಸಿ ಮನೆಗೆ ಬಂದವರ ಕಣ್ಣಿಗೆ ತೊಂದರೆ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದೊಳಗೆ, ಕೆಲವೊಮ್ಮೆ ಇನ್ನೂ ತಡವಾಗಿ ಕಾಣಿಸುತ್ತದೆ. ಅಷ್ಟರಲ್ಲಿ ಹಳೆಯ ಚಿಕಿತ್ಸೆಗೂ ಈಗಿನ ಕಣ್ಣಿನ ಮಂಜಿಗೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯದಿರಬಹುದು.

ಒಳಪದರ ಕಳೆದುಕೊಂಡ ನಾಳ ಒಂದೆಡೆ ಉಬ್ಬಿ ಸೋರುತ್ತದೆ, ಇನ್ನೊಂದೆಡೆ ಮುಚ್ಚಿಹೋಗುತ್ತದೆ. ಪರೀಕ್ಷೆಯಲ್ಲಿ ಕೆಂಪು ಚುಕ್ಕೆ, ಹಳದಿ ಕೊಬ್ಬಿನ ಕಲೆ, ಹತ್ತಿಯುಂಡೆಯಂಥ ಬಿಳಿ ಮಚ್ಚೆ ಕಾಣುತ್ತವೆ. ಮೇಲ್ನೋಟಕ್ಕೆ ಇದು ಸಕ್ಕರೆ ಕಾಯಿಲೆಯ ಕಣ್ಣೇ ಸರಿ. ವ್ಯತ್ಯಾಸ ಸೂಕ್ಷ್ಮದರ್ಶಕದಡಿ ಮಾತ್ರ: ಸಕ್ಕರೆ ಕಾಯಿಲೆಯಲ್ಲಿ ನಾಳವನ್ನು ಹೊರಗಿನಿಂದ ಅಪ್ಪಿಕೊಂಡಿರುವ ಪೆರಿಸೈಟ್‌ಗಳು ಮೊದಲು ಸಾಯುತ್ತವೆ, ವಿಕಿರಣದಲ್ಲಿ ಒಳಗಿನ ಎಂಡೋಥೀಲಿಯಂ. ಹೀಗಾಗಿ ಹಿಂದೆ ವಿಕಿರಣ ಪಡೆದದ್ದನ್ನು ರೋಗಿ ಹೇಳದಿದ್ದರೆ ವೈದ್ಯರೂ ದಾರಿ ತಪ್ಪಬಹುದು.

ಸಾಮಾನ್ಯವಾಗಿ ಅಕ್ಷಿಪಟಲಕ್ಕೆ ಬಿದ್ದ ಪ್ರಮಾಣ 45 ಗ್ರೇ (ವಿಕಿರಣದ ಅಳತೆ) ದಾಟಿದರೆ ಅಪಾಯ ಏರುತ್ತದೆ. ಒಂದೊಂದು ಸಲದ ಪ್ರಮಾಣ ದೊಡ್ಡದಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಕಿಮೊಥೆರಪಿಯೂ ಜೊತೆಗೂಡಿದ್ದರೆ ಅದಕ್ಕಿಂತ ಕಡಿಮೆಯೇ ಸಾಕು.

ನಾಳ ಮುಚ್ಚಿ ರಕ್ತ ಸಿಗದ ಅಕ್ಷಿಪಟಲ ವಿಇಜಿಎಫ್ ಎಂಬ ಪ್ರೋಟೀನನ್ನು ಹೊರಸೂಸುತ್ತದೆ. ಅದರಿಂದ ನಾಳ ಇನ್ನಷ್ಟು ಸೋರಿ ಅಕ್ಷಿಪಟಲದ ನಡುಭಾಗ ಬಾತುಕೊಳ್ಳುತ್ತದೆ. ದುರ್ಬಲವಾದ ಹೊಸ ನಾಳಗಳು ಹುಟ್ಟಿ ಒಡೆದರೆ ಕಣ್ಣಿನೊಳಗೇ ರಕ್ತ ಸುರಿಯುತ್ತದೆ. ಬೆವಾಸಿಝುಮ್ಯಾಬ್‌ನಂಥ ಚುಚ್ಚುಮದ್ದು ಈ ಪ್ರೋಟೀನನ್ನೇ ತಡೆಯುತ್ತದೆ. ಲೇಸರ್, ಸ್ಟೀರಾಯ್ಡ್‌ಗಳೂ ಬಳಕೆಯಲ್ಲಿವೆ. ಬಾವು ಇಳಿಸಲು ಇವು ನೆರವಾಗುತ್ತವೆ. ಮುಚ್ಚಿಹೋದ ನಾಳವನ್ನು ತೆರೆಯುವ ಮದ್ದು ಇವುಗಳಲ್ಲಿ ಯಾವುದೂ ಅಲ್ಲ.