ಮಾರಾಟಕ್ಕೆ ಬಂದ ತೊಟ್ಟಿಮನೆ

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಉತ್ತರಕ್ಕಿರುವ ಜಿನನಾಥಪುರವನ್ನು ಕಟ್ಟಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಅಲ್ಲಿ ಸುಮಾರು 1200ರಲ್ಲಿ ರೇಚಣ ದಂಡನಾಯಕ ಕಟ್ಟಿಸಿದ ಶಾಂತಿನಾಥ ಬಸದಿ ಇಂದಿಗೂ ನಿಂತಿದೆ. ಆದರೆ ಅದನ್ನು ಕೆತ್ತಿದವರು, ಅಲ್ಲಿ ಪೂಜೆ ಸಲ್ಲಿಸಿದವರು ಬಾಳಿದ ಮನೆಗಳು ಎಂದೋ ಮಣ್ಣುಗೂಡಿವೆ. ಬಸದಿಗೆ ಕಲ್ಲನ್ನು ಬಳಸಿದ ನಮ್ಮ ಹಿರಿಯರು ತಮ್ಮ ವಾಸಕ್ಕೆ ಮಣ್ಣು, ಮರಗಳನ್ನೇ ನೆಚ್ಚಿದ್ದರು.

ಹೀಗಾಗಿ ಹಾಸನ ಜಿಲ್ಲೆಯಲ್ಲಿ ಇಂದು ಹಳೆಯ ಮನೆ ಎಂದರೆ ಸಾಮಾನ್ಯವಾಗಿ ಅಜ್ಜ, ಮುತ್ತಜ್ಜಂದಿರ ಕಾಲದ ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ಅಂಗಳ, ಅದೇ ತೊಟ್ಟಿ. ಸುತ್ತಲೂ ಮರದ ಕಂಬಗಳ ಪಡಸಾಲೆ, ಅದರ ಹಿಂದೆ ಕೋಣೆಗಳು. ಕಿಟಕಿ ಕಡಿಮೆಯಿದ್ದರೂ ಗಾಳಿ ಬೆಳಕುಗಳಿಗೆ ಕೊರತೆಯಿಲ್ಲ. ಒಳಕ್ಕೆ ಇಳಿಜಾರಾದ ಮಾಡಿನ ಮಳೆನೀರು ತೊಟ್ಟಿಗೆ ಬಿದ್ದು ಹೊರಗೆ ಹರಿದುಹೋಗುತ್ತದೆ. ಸಕಲೇಶಪುರದ ಕಡೆಯ ಮಲೆನಾಡಿನಲ್ಲಿ ಇಂಥ ಮನೆಗೆ ಗುಡ್ಡದ ಇಳಿಜಾರಿನ ಕಾಫಿ ತೋಟ, ಕಣಿವೆಯ ಗದ್ದೆಗಳು ಸೇರಿಕೊಂಡಿರುತ್ತವೆ. ಬೆಳೆದದ್ದು ಒಣಗುವುದು, ಅಳೆಯುವುದು, ಕಣಜ ಸೇರುವುದು ಎಲ್ಲವೂ ಮನೆಯ ಸುತ್ತಲೇ.

ಇಂಥ ಮನೆ ಮಾರಾಟಕ್ಕೆ ಬಂದಾಗ ನಿಜವಾಗಿ ಮಾರಾಟವಾಗುವುದು ಏನು? ಅಣ್ಣತಮ್ಮಂದಿರು ಪಾಲಾದಾಗ ತೋಟವನ್ನು ಗುಂಟೆ ಲೆಕ್ಕದಲ್ಲಿ ಹಂಚಬಹುದು, ತೊಟ್ಟಿಯನ್ನು ಹಂಚಲಾಗದು. ಮಕ್ಕಳು ಬೆಂಗಳೂರು ಸೇರಿದ ಮೇಲೆ ಹೆಂಚು ಕೈಯಾಡಿಸುವವರಿಲ್ಲ. ಒಂದೆರಡು ಮಳೆಗಾಲ ಸೋರಿದರೆ ಮಣ್ಣಿನ ಗೋಡೆ ಕುಸಿಯುತ್ತದೆ. ಆಗ ಬರುವ ವ್ಯಾಪಾರಿ ನೋಡುವುದು ಮನೆಯನ್ನಲ್ಲ, ಬೀಟೆ, ತೇಗ, ಹಲಸಿನ ಮರವನ್ನು. ಕಂಬ, ಬಾಗಿಲುವಾಡಗಳು ಬೇರೆ ಬೇರೆಯಾಗಿ ಪಟ್ಟಣದ ಹೋಟೆಲು, ಬಂಗಲೆಗಳನ್ನು ಸೇರುತ್ತವೆ.

ಕಾನೂನು ಇಲ್ಲಿ ಅರ್ಧ ದಾರಿ ಮಾತ್ರ ಬರುತ್ತದೆ. ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ಸ್ಮಾರಕವನ್ನು ಯಾರೂ ಮುಟ್ಟುವಂತಿಲ್ಲ. ವಾಸದ ಮನೆಗೆ ಆ ಘೋಷಣೆ ಸಿಗುವುದು ಅಪರೂಪ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ, ಕಟ್ಟಡದಿಂದ ಕಳಚಿದ ನೂರು ವರ್ಷ ಹಳೆಯ ವಸ್ತುವೂ ಪ್ರಾಚೀನ ವಸ್ತುವೇ. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಅಂದರೆ ಕೆತ್ತನೆಯ ಕಂಬ ದೇಶ ಬಿಟ್ಟು ಹೋಗದಂತೆ ತಡೆಯುವ ಕಾನೂನಿಗೆ, ಅದು ಮನೆ ಬಿಟ್ಟು ಹೋಗುವುದನ್ನು ತಡೆಯಲಾಗದು.

ಇನ್ನೊಂದು ದಾರಿ ತೋರಿಸಿದವರು ಮಣಿಪಾಲದ ವಿಜಯನಾಥ ಶೆಣೈ. ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಪಡೆದು, ಒಂದೊಂದೇ ಭಾಗವಾಗಿ ಬಿಚ್ಚಿ ತಂದು, ಮಣಿಪಾಲದ ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ಕುಂಜೂರಿನ ಚೌಕಿಮನೆಯಂಥ ಮನೆಗಳು ಉಳಿದವು. ಆದರೆ ಮನೆಯನ್ನು ಹೊತ್ತು ತರಬಹುದು. ಅದರ ಗುಡ್ಡ, ಗದ್ದೆ, ನೆರೆಹೊರೆಗಳನ್ನು ತರಲಾಗದು.

ಆದ್ದರಿಂದ ತೊಟ್ಟಿಮನೆಗೆ ಒಳ್ಳೆಯ ಗಿರಾಕಿ ಎಂದರೆ ಅದರಲ್ಲಿ ವಾಸ ಮಾಡುವವನೇ. ಸ್ನಾನದ ಮನೆ, ವಿದ್ಯುತ್ತು, ಹೊಸ ಅಡುಗೆಮನೆ ಬಂದರೆ ತೊಟ್ಟಿಗೆ ಕುಂದಿಲ್ಲ. ಅಂಥವರು ಸಿಗದಿದ್ದರೆ, ಮಾರುವ ಮುನ್ನ ಮನೆಯ ನಕ್ಷೆ ಬರೆಸಿ, ಪ್ರತಿ ಕೋಣೆಯ ಹೆಸರು, ಬಳಕೆಗಳನ್ನು ಹಿರಿಯರಿಂದ ಕೇಳಿ ದಾಖಲಿಸುವುದು ಪ್ರತಿ ಕುಟುಂಬಕ್ಕೂ ಸಾಧ್ಯವಾದ ಕೆಲಸ.