ಪಂಡಿತಾ ರಮಾಬಾಯಿ ಕಂಡ ಬಿಡುಗಡೆ

ಪುಣೆಯಿಂದ ಸೊಲ್ಲಾಪುರ, ಕಲಬುರ್ಗಿಯ ಕಡೆ ರೈಲಿನಲ್ಲಿ ಊರಿಗೆ ಹೊರಟ ನಮ್ಮವರು ದೌಂಡ್ ಬರುವ ಮೊದಲು ಕೇಡಗಾಂವ ಎಂಬ ಸಣ್ಣ ಸ್ಟೇಶನ್ ದಾಟುತ್ತಾರೆ. ಅಲ್ಲಿ ‘ಮುಕ್ತಿ’ ಎಂಬ ಸಂಸ್ಥೆಯನ್ನು ಕಟ್ಟಿದ ಪಂಡಿತಾ ರಮಾಬಾಯಿಯವರು 1858ರಲ್ಲಿ ನಮ್ಮ ಸಹ್ಯಾದ್ರಿಯ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರೆಂಬುದು ಅನೇಕರಿಗೆ ತಿಳಿಯದು. ಕ್ರೈಸ್ತರು ಹೇಳುವ ಆತ್ಮದ ಬಿಡುಗಡೆ ಎಂದರೇನೆಂದು ವಾಚನಾಲಯದ ಗೆಳೆಯರು ಕೇಳಿದಾಗ ನಮಗೆ ನೆನಪಾದದ್ದು ಇವರ ಬಾಳು.

ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. ಹೆಂಗಸರು ಸಂಸ್ಕೃತ ಕಲಿಯಬಾರದೆಂಬ ಕಾಲದಲ್ಲಿ ಹೆಂಡತಿಗೆ ಕಲಿಸಿದರು. ತಾಯಿ ಮಗಳಿಗೆ ಕಲಿಸಿದರು. ಸಂಸಾರವು ತೀರ್ಥದಿಂದ ತೀರ್ಥಕ್ಕೆ ಅಲೆಯಿತು. ಸ್ನಾನ, ಉಪವಾಸ, ದಾನ ಯಾವುದನ್ನೂ ಬಿಡಲಿಲ್ಲ. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದ ಅಣ್ಣ ತಂಗಿಯರು 1878ರಲ್ಲಿ ಕಲಕತ್ತೆ ಮುಟ್ಟಿದರು. ವಿದ್ವಾಂಸರು ಆಕೆಗೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಬಳಿಕ ಅಣ್ಣ ತೀರಿದ. ಮದುವೆಯಾದ ಎರಡು ವರ್ಷದೊಳಗೆ ಗಂಡನೂ ತೀರಿದರು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಪುಟ್ಟ ಮಗಳು ಮನೋರಮೆಯೊಡನೆ ದೀಕ್ಷಾಸ್ನಾನ ಪಡೆದರು. ಅಲ್ಲಿಗೆ ಬಿಡುಗಡೆಯಾಯಿತೆಂದು ನಾವು ಎಣಿಸುತ್ತೇವೆ. ರಮಾಬಾಯಿಯವರು ಹಾಗೆ ಎಣಿಸಲಿಲ್ಲ. ತಮಗೆ ಆಗ ದೊರೆತದ್ದು ಕ್ರೈಸ್ತ ಮತ, ಕ್ರಿಸ್ತನಲ್ಲ ಎಂದು ಅವರು ಮುಂದೆ ತಮ್ಮ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾರೆ. ತತ್ತ್ವ ಬಲ್ಲರು, ಪ್ರಾರ್ಥನೆ ಬಲ್ಲರು. ಮನಸ್ಸಿಗೆ ಮಾತ್ರ ಶಾಂತಿಯಿಲ್ಲ. ಹೀಗೆ ಸುಮಾರು ಎಂಟು ವರ್ಷ ಕಳೆಯಿತು.

ಆಮೇಲೆ ತಿಳಿದದ್ದೇನು? ನಮ್ಮ ಕಚೇರಿಯ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಹಾಜರಿ ಬಿದ್ದಷ್ಟು ದಿನಕ್ಕೆ ಪಗಾರ, ತಪ್ಪಿದರೆ ಕಡಿತ. ದೇವರ ಬಳಿಯೂ ಇದೇ ಲೆಕ್ಕವೆಂದು ನಂಬಿದವನಿಗೆ ಭಯ ತಪ್ಪದು. ಎಷ್ಟು ಪುಣ್ಯ ಮಾಡಿದರೂ ಸಾಲಿತೋ ಇಲ್ಲವೋ ಎಂಬ ಶಂಕೆ. ಕ್ರೈಸ್ತ ವಿಶ್ವಾಸದ ಪ್ರಕಾರ ಕ್ಷಮೆಯು ಪಗಾರವಲ್ಲ, ಕೊಡುಗೆ. ಕ್ರಿಸ್ತನನ್ನು ನಂಬಿ ಕೈಚಾಚಿದವನಿಗೆ ಇದ್ದ ಸ್ಥಿತಿಯಲ್ಲೇ ಅದು ಸಿಗುತ್ತದೆ. ಇನ್ನೊಬ್ಬರ ಮೂಲಕ ಅದನ್ನು ಪಡೆಯಲಾಗದು, ತಾನೇ ನಂಬಬೇಕು.

ಪಗಾರವಿಲ್ಲವೆಂದು ಅವರು ಕೆಲಸ ಬಿಡಲಿಲ್ಲ. 1896-97ರ ಬರದಲ್ಲಿ ಮಧ್ಯಪ್ರಾಂತಕ್ಕೆ ತಾವೇ ಹೋಗಿ ಅನಾಥ ಹುಡುಗಿಯರನ್ನು ಕರೆತಂದರು. ಕೇಡಗಾಂವದಲ್ಲಿ ಅವರಿಗೆ ಓದು, ನೇಯ್ಗೆ, ಅಚ್ಚಿನ ಕೆಲಸ ಕಲಿಸಿದರು.

ಈ ಸ್ವಾತಂತ್ರ್ಯಕ್ಕೆ ಬೆಲೆಯೂ ತೆರಬೇಕಾಯಿತು. ಹುಡುಗಿಯರನ್ನು ಮತಾಂತರದತ್ತ ಸೆಳೆಯುತ್ತಾರೆಂದು 1893ರಲ್ಲಿ ಪುಣೆಯ ಅನೇಕರು ಅವರ ಶಾರದಾ ಸದನದಿಂದ ಮಕ್ಕಳನ್ನು ಬಿಡಿಸಿಕೊಂಡರು. ಆ ತಂದೆತಾಯಂದಿರ ಕಳವಳವೂ ಸುಳ್ಳಲ್ಲ. ಇತ್ತ ಇಂಗ್ಲೆಂಡಿನ ಚರ್ಚಿನ ಹಿರಿಯರು ಹೇಳಿದ್ದಕ್ಕೆಲ್ಲ ತಲೆಯಾಡಿಸಲೂ ಅವರು ಒಪ್ಪಲಿಲ್ಲ. ಪುರೋಹಿತರ ನೊಗ ಕಳಚಿದವರು ಪಾದ್ರಿಗಳ ನೊಗಕ್ಕೆ ಹೆಗಲು ಕೊಡಲಿಲ್ಲ. 1921ರಲ್ಲಿ ಒಬ್ಬಳೇ ಮಗಳು ಮನೋರಮೆ ತೀರಿದಳು. ಆ ದುಃಖದಲ್ಲೂ ಬೈಬಲಿನ ಮರಾಠಿ ಅನುವಾದವನ್ನು ಪೂರೈಸಿ, 1922ರ ಏಪ್ರಿಲ್ 5ರಂದು ಕಣ್ಣು ಮುಚ್ಚಿದರು.

ನಾವು ಯಾರನ್ನೂ ಯಾವ ಮತಕ್ಕೂ ಕರೆಯುತ್ತಿಲ್ಲ. ಹೆಸರಿಗೆ ಒಂದು ಮತದಲ್ಲಿದ್ದು, ಒಳಗೆ ಬರಿದಾಗಿರುವುದು ಯಾರಿಗೂ ಬರಬಹುದಾದ ಪಾಡು. ಅದನ್ನು ಮುಚ್ಚಿಡದೆ ಹೇಳಿದ ಈ ತಾಯಿಯ ನೆನಪು, ಮುಂದಿನ ಸಲ ಕೇಡಗಾಂವ ದಾಟುವಾಗ ನಮ್ಮ ವಾಚಕರಿಗೆ ಬಂದರೆ ಸಾಕು.