ಸೇತುವೆಯ ಬಲ ಬುಡದಲ್ಲಿ

ಅರ್ಕಾವತಿ ಮಾಗಡಿ ತಾಲ್ಲೂಕಿನ ಮಂಚನಬೆಲೆ ದಾಟಿ, ರಾಮನಗರ, ಕನಕಪುರಗಳ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಇಂಥ ಹೊಳೆಗೆ ಸೇತುವೆ ಕಟ್ಟುವವರು ಮೊದಲು ನೋಡುವುದು ನೀರನ್ನಲ್ಲ, ಅದರಡಿಯ ನೆಲವನ್ನು.

ಬಂಡೆ ಮೇಲೆಯೇ ಸಿಕ್ಕರೆ ಬೇಸಿಗೆಯಲ್ಲಿ ಮಣ್ಣಿನ ಒಡ್ಡು ಹಾಕಿ, ಒಳಗಿನ ನೀರು ಹೊರಚೆಲ್ಲಿ, ಬಂಡೆಯಲ್ಲೇ ಕಂಬದ ಬುಡ ಕೂರಿಸುತ್ತಾರೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳು ಕಾವೇರಿಯಲ್ಲಿ ಇಂದಿಗೂ ನಿಂತಿವೆ.

ಮರಳು ಆಳವಾಗಿದ್ದರೆ ಬಾವಿ ಇಳಿಸಬೇಕು. ಕಾಂಕ್ರೀಟಿನ ದುಂಡು ಗೋಡೆಯ ಒಳಗಿನ ಮರಳು ತೆಗೆದಂತೆಲ್ಲ ಅದು ತನ್ನ ಭಾರಕ್ಕೇ ಕುಸಿಯುತ್ತಾ ಗಟ್ಟಿ ನೆಲ ಮುಟ್ಟುತ್ತದೆ. ಅದರ ತಳ ಮುಚ್ಚಿ, ಮೇಲೆ ಕಂಬ ಎಬ್ಬಿಸುತ್ತಾರೆ.

ಪ್ರವಾಹ ಕಂಬವನ್ನು ನೂಕುವುದಕ್ಕಿಂತ ಅದರ ಬುಡದ ಮರಳನ್ನು ಕೊರೆಯುವುದೇ ಹೆಚ್ಚು ಅಪಾಯ. ಸೇತುವೆಯ ಬಳಿ ಮರಳು ಬಗೆಯುವವರು ಮಾಡುವುದೂ ಅದನ್ನೇ, ಹೊಳೆ ಬತ್ತಿದ ಬೇಸಿಗೆಯಲ್ಲೇ.